ಪೋರ್ಷನ್ ಮುಗಿಯಿತು, ಕಲಿತರೇ?

ಬೋಧನಾ ವಿನ್ಯಾಸ ಎಂಬ ಹೆಸರು ಕೇಳಿ ಹಿಂಜರಿಯಬೇಕಿಲ್ಲ. ಕಲಿತವರು ನಾಳೆ ಏನು ಮಾಡಬಲ್ಲವರಾಗಬೇಕು ಎಂದು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಪಾಠ ಕಟ್ಟುವ ಕೆಲಸ ಅದು. ಬಿ.ಇಡಿ. ಮುಗಿಸಿ ಈಗಷ್ಟೇ ತರಗತಿಗೆ ಕಾಲಿಟ್ಟವರಿಗೂ, ‘ಮುಂದಿನ ವಾರದ ಟ್ರೈನಿಂಗ್ ನೀವೇ ಮಾಡಿ’ ಎಂದು ಮೇಲಧಿಕಾರಿಯಿಂದ ಹೇಳಿಸಿಕೊಂಡವರಿಗೂ ಇದು ಒಂದೇ. ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ತರಬೇತಿಯನ್ನೇ ಉದಾಹರಣೆಗೆ ಹಿಡಿಯೋಣ: ಮಕ್ಕಳ ಭೇದಿಯ ಬಗ್ಗೆ ಆಶಾ ಕಾರ್ಯಕರ್ತೆಯರಿಗೆ ಅರ್ಧ ದಿನದ ಶಿಬಿರ.

1. ತರಬೇತಿ ಬೇಕೇ ಎಂದು ಮೊದಲು ವಿಚಾರಿಸಿ

ಕೆಲಸ ಸರಿಯಾಗಿ ಆಗುತ್ತಿಲ್ಲ ಎಂದ ಕೂಡಲೇ ‘ಟ್ರೈನಿಂಗ್ ಕೊಡಿಸಿ’ ಎನ್ನುವುದು ಎಲ್ಲ ಕಚೇರಿಗಳ ರೂಢಿ. ಆದರೆ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಓಆರ್‌ಎಸ್ ಪೊಟ್ಟಣವೇ ಇಲ್ಲದಿದ್ದರೆ ಬೇಕಾದದ್ದು ಸರಬರಾಜು, ಶಿಬಿರವಲ್ಲ. ಗೊತ್ತಿಲ್ಲದ್ದರಿಂದ ಮಾಡುತ್ತಿಲ್ಲವೋ, ಗೊತ್ತಿದ್ದೂ ಮಾಡಲಾಗುತ್ತಿಲ್ಲವೋ? ಉತ್ತರ ಎರಡನೆಯದಾದರೆ, ಹಾಗೆಂದು ಸಂಬಂಧಪಟ್ಟವರಿಗೆ ಸ್ಪಷ್ಟವಾಗಿ ಹೇಳುವುದೂ ತರಬೇತುದಾರರ ಕರ್ತವ್ಯವೇ.

2. ಕೊನೆಯಿಂದ ಶುರು ಮಾಡಿ

ಹೊಸಬರು ಸಾಮಾನ್ಯವಾಗಿ ಮೊದಲು ತೆರೆಯುವುದು ಪವರ್‌ಪಾಯಿಂಟನ್ನು. ಅದು ಕೊನೆಗೆ ಬರಬೇಕಾದ ಕೆಲಸ. ರಾಲ್ಫ್ ಟೈಲರ್ 1949ರಲ್ಲೇ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು: ಉದ್ದೇಶವೇನು, ಅದಕ್ಕೆ ಯಾವ ಅನುಭವ ಬೇಕು, ಅವನ್ನು ಹೇಗೆ ಜೋಡಿಸಬೇಕು, ಉದ್ದೇಶ ಈಡೇರಿತೆಂದು ತಿಳಿಯುವುದು ಹೇಗೆ. 1998ರಲ್ಲಿ ವಿಗಿನ್ಸ್ ಮತ್ತು ಮೆಕ್‌ಟೈ ಕೊನೆಯ ಪ್ರಶ್ನೆಯನ್ನು ಮುಂದಕ್ಕೆ ತಂದರು. ಕಲಿತದ್ದಕ್ಕೆ ಪುರಾವೆ ಏನೆಂದು ತೀರ್ಮಾನಿಸಿದ ಮೇಲೆಯೇ ಚಟುವಟಿಕೆ ಯೋಚಿಸಿ ಎಂದರು. ಪರೀಕ್ಷೆಯನ್ನು ಮೊದಲು ಬರೆದುಕೊಂಡರೆ ಪಾಠದಲ್ಲಿ ಏನು ಬೇಡ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಅರ್ಧ ದಿನದ ಶಿಬಿರದಲ್ಲಿ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

3. ಗುರಿ ಕಣ್ಣಿಗೆ ಕಾಣುವಂತಿರಲಿ

‘ಭೇದಿಯ ಬಗ್ಗೆ ಅರಿವು ಮೂಡಿಸುವುದು.’ ಎಷ್ಟೋ ಶಿಬಿರಗಳ ಫೈಲಿನಲ್ಲಿ ಇರುವುದು ಇಂಥದೇ ಸಾಲು. ಅರಿವು ಮೂಡಿತೋ ಇಲ್ಲವೋ ಎಂದು ನೋಡುವುದು ಹೇಗೆ? 1962ರಲ್ಲಿ ರಾಬರ್ಟ್ ಮೇಗರ್ ಕೊಟ್ಟ ಅಳತೆ ಇಂದಿಗೂ ಸಾಕು. ಗುರಿಯಲ್ಲಿ ಮೂರು ಸಂಗತಿ ಇರಬೇಕು: ಏನು ಮಾಡಬೇಕು, ಯಾವ ಸನ್ನಿವೇಶದಲ್ಲಿ, ಎಷ್ಟರ ಮಟ್ಟಿಗೆ ಸರಿಯಾಗಿ.

ಆ ಸಾಲನ್ನು ಹೀಗೆ ತಿದ್ದಿ ಬರೆಯಬಹುದು: ‘ಪೊಟ್ಟಣ, ಪಾತ್ರೆ, ಕುಡಿಯುವ ನೀರು ಕೊಟ್ಟಾಗ, ಚೀಟಿ ನೋಡದೆ, ಕೈ ತೊಳೆದುಕೊಂಡು, ಇಡೀ ಪೊಟ್ಟಣವನ್ನು 1 ಲೀಟರ್ ನೀರಿಗೆ ಬೆರೆಸುತ್ತಾರೆ; 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕೆಂದು ತಾಯಿಗೆ ಅವಳ ಮಾತಿನಲ್ಲೇ ತಿಳಿಸುತ್ತಾರೆ.’ ಇದನ್ನು ಓದಿದ ಯಾರು ಬೇಕಾದರೂ ಶಿಬಿರ ನಡೆಸಬಹುದು, ಯಾರು ಬೇಕಾದರೂ ಪರೀಕ್ಷಿಸಬಹುದು. ಲೀಟರ್ ಗುರುತಿಲ್ಲದ ಮನೆಯ ಪಾತ್ರೆಯಲ್ಲಿ ಅಳೆಯುವುದು ಹೇಗೆ ಎಂಬ ನಿಜವಾದ ತೊಡಕು ಕೂಡ ಈಗಲೇ ಎದುರಾಗುತ್ತದೆ. ಅದನ್ನೇ ಶಿಬಿರದ ಮುಖ್ಯ ಅಭ್ಯಾಸವಾಗಿಸಿ.

ಬ್ಲೂಮ್ ಅವರ 1956ರ ವರ್ಗೀಕರಣವನ್ನು ನೀವು ಓದಿಯೇ ಇರುತ್ತೀರಿ. 2001ರಲ್ಲಿ ಪರಿಷ್ಕರಿಸಿದಾಗ ಅದರ ಹಂತಗಳೆಲ್ಲ ಕ್ರಿಯಾಪದಗಳಾದವು: ನೆನಪಿಸಿಕೊ, ಅರ್ಥಮಾಡಿಕೊ, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪನ ಮಾಡು, ಸೃಷ್ಟಿಸು. ಪ್ರತಿ ಪಾಠವೂ ಆರೂ ಹಂತ ಹತ್ತಬೇಕೆಂದೇನಿಲ್ಲ. ನಿಮ್ಮ ಗುರಿ ಯಾವ ಹಂತದಲ್ಲಿದೆಯೋ ಪ್ರಶ್ನೆಯೂ ಅದೇ ಹಂತದಲ್ಲಿರಲಿ. ‘ಅನ್ವಯಿಸು’ ಎಂದು ಪಾಠ ಮಾಡಿ, ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

4. ಒಂದು ಸಲಕ್ಕೆ ಸ್ವಲ್ಪವೇ ಕೊಡಿ

ಮನಸ್ಸು ಒಂದೇ ಹೊತ್ತಿಗೆ ಸುಮಾರು ಏಳು ತುಣುಕುಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಂತರದ ಸಂಶೋಧನೆ ಆ ಸಂಖ್ಯೆಯನ್ನು ನಾಲ್ಕರ ಆಸುಪಾಸಿಗೆ ಇಳಿಸಿತು. ನಿಮಗೆ ಸಲೀಸಾಗಿರುವ ವಿಷಯ ಹೊಸಬರಿಗೆ ಹತ್ತಾರು ಬಿಡಿ ತುಣುಕು ಎಂಬುದು ನೆನಪಿರಲಿ. ಮೂರು ಹೆಜ್ಜೆ ಹೇಳಿ, ಮಾಡಿಸಿ, ಮುಂದಿನ ಮೂರಕ್ಕೆ ಹೋಗಿ.

5. ಮಾಡಿ ತೋರಿಸಿ, ನಂತರ ಮೆಲ್ಲಗೆ ಕೈಬಿಡಿ

‘ಅವರೇ ಕಂಡುಕೊಳ್ಳಲಿ’ ಎಂಬ ಮಾತಿಗೆ ಆಕರ್ಷಣೆ ಹೆಚ್ಚು. ಬುನಾದಿಯೇ ಇಲ್ಲದವರಿಗೆ ಅದು ಹಿಂಸೆ. ಬೀಜಗಣಿತ ಕಲಿಯುವ ಹೊಸಬರು ಲೆಕ್ಕಗಳನ್ನು ತಾವೇ ಬಿಡಿಸುತ್ತ ಹೋಗುವುದಕ್ಕಿಂತ, ಬಿಡಿಸಿಟ್ಟ ಲೆಕ್ಕಗಳನ್ನು ಗಮನವಿಟ್ಟು ನೋಡಿದಾಗ ಬೇಗ ಕಲಿಯುತ್ತಾರೆಂದು ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ತೋರಿಸಿದರು. ಮೊದಲ ಲೆಕ್ಕವನ್ನು ನೀವು ಪೂರ್ತಿ ಬಿಡಿಸಿ, ಪ್ರತಿ ಹೆಜ್ಜೆಗೂ ಕಾರಣ ಹೇಳುತ್ತ. ಎರಡನೆಯದರ ಕೊನೆಯ ಹೆಜ್ಜೆಯನ್ನು ಅವರಿಗೆ ಬಿಡಿ. ಮೂರನೆಯದರಲ್ಲಿ ಅರ್ಧ ಅವರದು. ಪಳಗಿದವರಿಗೆ ಇದೇ ಆಸರೆ ಅಡ್ಡಿಯಾಗುತ್ತದೆ, ಆದ್ದರಿಂದ ಅದನ್ನು ತೆಗೆಯುವ ಹೊತ್ತನ್ನೂ ಯೋಜನೆಯಲ್ಲಿ ಬರೆದಿಡಿ.

6. ಸ್ಲೈಡನ್ನು ಓದಿ ಹೇಳಬೇಡಿ

ಪರದೆಯ ಮೇಲಿನ ಸಾಲುಗಳನ್ನೇ ನೀವು ಗಟ್ಟಿಯಾಗಿ ಓದಿದರೆ ಕೇಳುಗರ ಕಣ್ಣು ಕಿವಿ ಒಂದಕ್ಕೊಂದು ಅಡ್ಡ ಬರುತ್ತವೆ. ಪರದೆಗೆ ಚಿತ್ರ, ಬಾಯಿಗೆ ವಿವರಣೆ. ರಿಚರ್ಡ್ ಮೇಯರ್ ಅವರ ಪ್ರಯೋಗಗಳು ಹೇಳುವುದೂ ಇದನ್ನೇ.

7. ಮತ್ತೆ ಓದಿಸುವ ಬದಲು ನೆನಪಿನಿಂದ ಹೇಳಿಸಿ

ಇಡೀ ಪಟ್ಟಿಯಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟರು. ಕೆಲವನ್ನು ಎರಡು ಸಲ ಓದಿಸಿದರು. ಉಳಿದವನ್ನು ಒಮ್ಮೆ ಓದಿಸಿ, ನೆನಪಾದಷ್ಟನ್ನು ಪುಸ್ತಕ ನೋಡದೆ ಬರೆಸಿದರು. ಐದು ನಿಮಿಷದ ನಂತರ ಎರಡು ಸಲ ಓದಿದ್ದೇ ಚೆನ್ನಾಗಿ ನೆನಪಿತ್ತು. ಒಂದು ವಾರ ಕಳೆದಾಗ ಲೆಕ್ಕ ತಿರುಗಿತ್ತು: ಬರೆದು ನೋಡಿದ್ದರಲ್ಲಿ 56 ಪ್ರತಿಶತ ಉಳಿದಿತ್ತು, ಬರೀ ಓದಿದ್ದರಲ್ಲಿ 42.

ಶಿಬಿರ ಮುಗಿಯುವ ಹೊತ್ತಿಗೆ ಎಲ್ಲರ ಮುಖದಲ್ಲಿ ಕಾಣುವ ‘ಗೊತ್ತಾಯ್ತು’ ಎಂಬ ಭಾವ ಆ ಐದನೆಯ ನಿಮಿಷದ್ದು. ಅದನ್ನು ನಂಬಿ ಮನೆಗೆ ಹೋಗಬೇಡಿ. ಇಂದಿನ ಪಾಠವನ್ನು ನಿನ್ನೆಯದರ ಮೂರು ಪ್ರಶ್ನೆಗಳಿಂದ ಶುರು ಮಾಡಿ. ಅಂಕ ಬೇಡ, ಹೆಸರು ಹಿಡಿದು ಕೂಗುವುದೂ ಬೇಡ. ಎಲ್ಲರೂ ತಮ್ಮ ಪುಸ್ತಕದಲ್ಲಿ ಬರೆದು, ಪಕ್ಕದವರೊಡನೆ ಸರಿನೋಡಿಕೊಳ್ಳಲಿ. ಮುಂದಿನ ವಾರ ಅದೇ ಪ್ರಶ್ನೆಯನ್ನು ಬೇರೆ ವೇಷದಲ್ಲಿ ಕೇಳಿ. ತಪ್ಪಿದ್ದನ್ನು ಅಲ್ಲೇ ತಿದ್ದಿ, ಏಕೆಂದರೆ ತಪ್ಪು ಉತ್ತರವೂ ಹೇಳಿ ಹೇಳಿ ಗಟ್ಟಿಯಾಗುತ್ತದೆ.

8. ಆ ಪಿರಮಿಡ್ಡನ್ನು ತೆಗೆದುಹಾಕಿ

‘ಓದಿದ್ದರಲ್ಲಿ 10 ಪ್ರತಿಶತ, ಕೇಳಿದ್ದರಲ್ಲಿ 20, ಮಾಡಿದ್ದರಲ್ಲಿ 90 ಪ್ರತಿಶತ ನೆನಪಿರುತ್ತದೆ’ ಎಂಬ ಪಿರಮಿಡ್ ಚಿತ್ರ ತರಬೇತಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಎಡ್ಗರ್ ಡೇಲ್ 1946ರಲ್ಲಿ ತಮ್ಮ ಪುಸ್ತಕದಲ್ಲಿ ‘ಅನುಭವದ ಶಂಕು’ವನ್ನು ಬರೆದದ್ದು ನಿಜ, ಆದರೆ ಅದರಲ್ಲಿ ಈ ಅಂಕಿಗಳಿರಲಿಲ್ಲ. ಆಮೇಲೆ ಯಾರೋ ಸೇರಿಸಿದ ಸಂಖ್ಯೆಗಳಿವು. ಒಬ್ಬರದು ನೋಡಿ ಕಲಿಯುವ ಶೈಲಿ, ಇನ್ನೊಬ್ಬರದು ಕೇಳಿ ಕಲಿಯುವ ಶೈಲಿ ಎಂದು ವಿಂಗಡಿಸಿ ಪಾಠ ಮಾಡಿದರೆ ಲಾಭವಿದೆ ಎಂಬುದಕ್ಕೂ ಸಾಕಷ್ಟು ಪುರಾವೆಯಿಲ್ಲವೆಂದು 2008ರಲ್ಲಿ ಪ್ಯಾಷ್ಲರ್ ಮತ್ತು ಸಂಗಡಿಗರ ವಿಮರ್ಶೆ ಹೇಳಿತು. ಆಕಾರ ಕಲಿಸಲು ಚಿತ್ರ ಬೇಕು, ಉಚ್ಚಾರ ಕಲಿಸಲು ದನಿ ಬೇಕು. ಅದನ್ನು ವಿಷಯವೇ ನಿರ್ಧರಿಸಲಿ.

9. ಎಲ್ಲರೂ ಒಂದೇ ಮೆಟ್ಟಿಲಲ್ಲಿ ಇರುವುದಿಲ್ಲ

ಇದಕ್ಕೆ ದೂರದ ಪುಸ್ತಕ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭವಾಯಿತು. ಆಂಧ್ರದ ಋಷಿ ವ್ಯಾಲಿ ಶಾಲೆಯ ವಿಧಾನವನ್ನು ನೋಡಿಬಂದು ನಮ್ಮ ಶಿಕ್ಷಕರೇ ಕಟ್ಟಿದ ಪದ್ಧತಿ ಅದು. ವರ್ಷದ ಪಾಠವನ್ನು ಮೈಲಿಗಲ್ಲುಗಳಾಗಿ ಒಡೆದು, ಪ್ರತಿ ಮೈಲಿಗಲ್ಲಿಗೂ ಕಾರ್ಡುಗಳನ್ನು ಮಾಡಿ, ಅವನ್ನು ಕಲಿಕಾ ಏಣಿಯಲ್ಲಿ ಜೋಡಿಸಿದರು. ಒಂದು ವಾರ ಶಾಲೆ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕೂಲಿಗೆಂದು ಅಪ್ಪ ಅಮ್ಮ ಊರು ಬಿಡುವ ಕಡೆ ಇದರ ಬೆಲೆ ಏನೆಂದು ಅಲ್ಲಿನ ಶಿಕ್ಷಕರನ್ನೇ ಕೇಳಬೇಕು. ಮಕ್ಕಳು ಶಿಕ್ಷಕರ ನೆರವಿನ ತಟ್ಟೆಯಿಂದ (ಕೂರುವ ಗುಂಪಿಗೆ ಅಲ್ಲಿನ ಹೆಸರು ‘ತಟ್ಟೆ’) ಗೆಳೆಯರ ನೆರವಿನ ತಟ್ಟೆಗೂ, ಅಲ್ಲಿಂದ ಸ್ವಕಲಿಕೆಗೂ ಸಾಗುತ್ತಾರೆ. ಮೇಲೆ ಹೇಳಿದ ‘ಮೆಲ್ಲಗೆ ಕೈಬಿಡುವುದು’ ಇಲ್ಲಿ ಕೂರುವ ಜಾಗದಲ್ಲೇ ಅಡಕವಾಗಿದೆ. ಹೊಸ ಶಿಕ್ಷಕರು ಒಂದು ಒಳ್ಳೆಯ ನಲಿ-ಕಲಿ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ಬರಲಿ ಎಂಬುದು ನನ್ನ ಆಗ್ರಹ.

ದೊಡ್ಡವರ ಶಿಬಿರಕ್ಕೂ ಇದು ಅನ್ವಯ. ಹತ್ತು ವರ್ಷ ಊರೂರು ತಿರುಗಿದ ಕಾರ್ಯಕರ್ತೆಯನ್ನೂ ನಿನ್ನೆ ಸೇರಿದವರನ್ನೂ ಒಂದೇ ಪಾಠಕ್ಕೆ ಕೂರಿಸುವ ಮುನ್ನ, ಎಲ್ಲರೂ ಒಮ್ಮೆ ಓಆರ್‌ಎಸ್ ಬೆರೆಸುವುದನ್ನು ನೋಡಿ. ಚೆನ್ನಾಗಿ ಮಾಡಿದ ಹಳಬರೇ ಗುಂಪಿಗೊಬ್ಬರಂತೆ ಕಲಿಸುವವರಾಗಲಿ.

10. ಫೀಡ್‌ಬ್ಯಾಕ್ ಫಾರಂ ಆಚೆಗೂ ನೋಡಿ

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಹಂತ ಹೇಳಿದರು: ಬಂದವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಸಿಕ್ಕಿತೇ. ಊಟ ಚೆನ್ನಾಗಿತ್ತು, ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿ ಮಾತಾಡಿದರು ಎಂಬ ಫಾರಂ ಮೊದಲ ಹಂತಕ್ಕೆ ನಿಲ್ಲುತ್ತದೆ. ಎರಡನೆಯದನ್ನು ಶಿಬಿರ ಮುಗಿಯುವ ಮುನ್ನವೇ ಮಾಡಿಸಿ ನೋಡಿ. ಮೂರನೆಯದಕ್ಕೆ ದಿನಾಂಕ ಗೊತ್ತುಮಾಡಿ: ಮೂರು ವಾರ ಬಿಟ್ಟು ನಾಲ್ಕು ಮನೆಗಳಿಗೆ ಕಾರ್ಯಕರ್ತೆಯ ಜೊತೆ ಹೋಗಿ, ತಾಯಂದಿರು ಯಾವ ಪಾತ್ರೆಯಲ್ಲಿ ನೀರು ಅಳೆಯುತ್ತಾರೆ, ಎಷ್ಟು ಹಾಕುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ ಎಂದು ನೋಡಿ ಬರೆದುಕೊಳ್ಳಿ. ಮುಂದಿನ ಶಿಬಿರದ ಪಾಠಯೋಜನೆಯನ್ನು ಆ ಹಾಳೆ ಎದುರಿಟ್ಟುಕೊಂಡು ಬರೆಯಿರಿ.