ಇಸಿಜಿ ಥರ ಕುಣಿಯುವ ಸಂಖ್ಯೆಗಳು

ಒಂದು ಹಾಳೆ ತಗೊಂಡು 1, 2 ಅಂತ ಬರೆಯಿರಿ. ಇಲ್ಲಿಂದ ಮುಂದೆ ಒಂದೇ ರೂಲ್. ಮುಂದಿನ ಸಂಖ್ಯೆಗೂ ಹಿಂದಿನದಕ್ಕೂ ಒಂದಾದರೂ ಪ್ರೈಮ್, ಅಂದರೆ ಅವಿಭಾಜ್ಯ ಸಂಖ್ಯೆ, ಕಾಮನ್ ಫ್ಯಾಕ್ಟರ್ ಆಗಿರಬೇಕು. ಈವರೆಗೆ ಬಳಸದ ಅಂಥ ಸಂಖ್ಯೆಗಳಲ್ಲಿ ಅತಿ ಚಿಕ್ಕದನ್ನು ಆರಿಸಬೇಕು.

1, 2, 4, 6, 3, 9, 12, 8, 10, 5, 15, 18, 14, 7, 21, 24, 16, 20, 22, 11, 33...

ಗ್ರಾಫ್ ಹಾಕಿದರೆ ಗೆರೆ ಇಸಿಜಿ ಥರ ಏರಿಳಿಯುತ್ತೆ. ಹಾಗಾಗಿ ಇದಕ್ಕೆ ಇಸಿಜಿ ಸರಣಿ ಅಂತಲೇ ಹೆಸರು. 2002ರಲ್ಲಿ ಲಗಾರಿಯಾಸ್, ರೇನ್ಸ್, ಸ್ಲೋನ್ ಎಂಬ ಗಣಿತಜ್ಞರು ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. 1ರಿಂದ ಹಿಡಿದು ಪ್ರತಿ ಪೂರ್ಣಾಂಕವೂ ಇದರಲ್ಲಿ ಒಂದೇ ಒಂದು ಸಲ ಬರುತ್ತೆ ಅಂತ ಅದರಲ್ಲಿ ಸಾಧಿಸಿದ್ದಾರೆ.

ಕೋಡ್ ಬರೆಯೋರು ಪ್ರತಿ ಸಲ 3, 4, 5 ಅಂತ ಮೊದಲಿಂದ ಹುಡುಕಬೇಕಿಲ್ಲ. ಪ್ರತಿ ಪ್ರೈಮ್‌ಗೂ ಅದರ ಬಳಸದ ಅತಿ ಚಿಕ್ಕ ಮಲ್ಟಿಪಲ್ ಯಾವುದು ಅಂತ ನೆನಪಿಟ್ಟರೆ ಸಾಕು. 10 ಲಕ್ಷದೊಳಗಿನ ಯಾವ ಸಂಖ್ಯೆಗೂ 7ಕ್ಕಿಂತ ಹೆಚ್ಚು ಬೇರೆ ಬೇರೆ ಪ್ರೈಮ್ ಫ್ಯಾಕ್ಟರ್ ಇರಲ್ಲ. ಅಂದರೆ ಹೆಚ್ಚೆಂದರೆ 7 ಸಂಖ್ಯೆ ಹೋಲಿಸಿದರೆ ಉತ್ತರ ರೆಡಿ.

ಈಗ ಸರಣಿಯನ್ನು ಇನ್ನೊಮ್ಮೆ ನೋಡಿ: 6, 3, 9. 10, 5, 15. 14, 7, 21. 22, 11, 33. ಪ್ರೈಮ್‌ನ ಹಿಂದೆ ಅದರ ಎರಡರಷ್ಟು, ಮುಂದೆ ಮೂರರಷ್ಟು. ಇದು ಕಾಕತಾಳೀಯನಾ?

11ರ ಯಾವ ಮಲ್ಟಿಪಲ್ಲೂ ಇನ್ನೂ ಬಂದಿಲ್ಲ ಅಂದುಕೊಳ್ಳಿ. ಮೊದಲು 11 ತಾನೇ ಬರೋಕಾಗಲ್ಲ, ಹಿಂದಿನ ಸಂಖ್ಯೆಯಲ್ಲಿ 11 ಇಲ್ಲವಲ್ಲ. ಬೇರೆ ಯಾವುದೋ ಪ್ರೈಮ್‌ನ ಕೈ ಹಿಡಿದೇ 11 ಒಳಗೆ ಬರಬೇಕು. ಆ ಪ್ರೈಮನ್ನು 'ಕ' ಅನ್ನೋಣ. ಅತಿ ಚಿಕ್ಕದನ್ನೇ ಆರಿಸೋದರಿಂದ ಬರೋದು ಸರಿಯಾಗಿ ಕ × 11. ಅದು ಆಯ್ಕೆ ಆಗಿದೆ ಅಂದರೆ 'ಕ'ದ ಅದಕ್ಕಿಂತ ಚಿಕ್ಕ ಮಲ್ಟಿಪಲ್‌ಗಳೆಲ್ಲ ಆಗಲೇ ಖರ್ಚಾಗಿವೆ. ಹಾಗಾಗಿ ಮುಂದಿನ ಹೆಜ್ಜೆಯಲ್ಲಿ 11ಕ್ಕೆ ಪೈಪೋಟಿಯೇ ಇಲ್ಲ, 11 ಬರಲೇಬೇಕು. 'ಕ' 2 ಆಗಿದ್ದರೆ 22 ಮುಗಿದಿರುತ್ತೆ, ಆದ್ದರಿಂದ ಆಮೇಲೆ 33. ಯಾವ ಬೆಸ ಪ್ರೈಮ್ ಇಟ್ಟರೂ ಇದೇ ವಾದ.

ಆದರೆ 'ಕ' ಯಾವಾಗಲೂ 2 ಯಾಕೆ? ಇಲ್ಲೇ ನಿಜವಾದ ಕಷ್ಟ ಇರೋದು. ಆ ಮೂವರು ಇದನ್ನು ಊಹೆ ಅಂತಷ್ಟೇ ಬಿಟ್ಟಿದ್ದರು. 2008ರಲ್ಲಿ ಹೋಫ್‌ಮನ್ ಮತ್ತು ಪಿಲಿಪ್‌ಚುಕ್ ಅದನ್ನು ಸಾಧಿಸಿ ತೋರಿಸಿದರು. ನೂರಾರು ಪದ ಪ್ರಿಂಟ್ ಮಾಡಿ ಪ್ಯಾಟರ್ನ್ ಕಂಡರೆ ಅದು ಸುಳಿವು ಮಾತ್ರ. ಎಲ್ಲ ಪ್ರೈಮ್‌ಗೂ ನಿಜ ಅನ್ನೋಕೆ ಪ್ರೂಫೇ ಬೇಕು.

ನಿಮಗೊಂದು ಹೋಂವರ್ಕ್: 1, 5 ಅಂತ ಒಂದು ಸರಣಿ, 1, 7 ಅಂತ ಇನ್ನೊಂದು ಶುರು ಮಾಡಿ. ಎರಡರಲ್ಲೂ 21ನೇ ಪದ 24 ಬರುತ್ತೆ, ಅಲ್ಲಿಂದ ಮುಂದೆ ಎರಡೂ ಒಂದೇ. ಯಾಕೆ ಅಂತ ಕಂಡುಹಿಡೀರಿ. ಸುಳಿವು: ಮೊದಲ 20 ಪದಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ನೋಡಿ.