ಮನೆಯ ಗಣಕಯಂತ್ರಕ್ಕೆ ತಂತಿಯೋ, ನಿಸ್ತಂತುವೋ?



2020ನೆಯ ಇಸವಿಯಲ್ಲಿ ಕೋವಿಡ್ ಜಾಡ್ಯದ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟು, ಪಾಠಗಳು ಇಂಟರ್ನೆಟ್ಟಿನ ಮೂಲಕ ನಡೆಯುತ್ತಿದ್ದಾಗ, ಭದ್ರಾವತಿಯಿಂದ ಪಾಠ ಕೇಳುತ್ತಿದ್ದ ಹುಡುಗಿಯೊಬ್ಬಳು ನಾನು ಪ್ರಶ್ನೆ ಕೇಳಿದಾಗಲೆಲ್ಲ ಮೌನವಾಗಿರುತ್ತಿದ್ದಳು. ಪರದೆಯ ಮೇಲೆ ಅವಳ ಹೆಸರು ಕಾಣುತ್ತಿತ್ತು. ಉತ್ತರ ಮಾತ್ರ ಬರುತ್ತಿರಲಿಲ್ಲ. ಅಲಕ್ಷ್ಯವೆಂದೆಣಿಸಿ ಅವಳನ್ನು ಎಲ್ಲರೆದುರಿಗೂ ಗದರಿಸಿದೆನು. ಸಂಜೆ ಅವಳ ತಾಯಿಯವರು ಫೋನು ಮಾಡಿ, “ಮೇಡಂ, ಅವಳು ಉತ್ತರ ಹೇಳುತ್ತಲೇ ಇರುತ್ತಾಳೆ, ಅದು ನಿಮ್ಮನ್ನು ಮುಟ್ಟುವುದಿಲ್ಲ” ಎಂದರು. ವಿಚಾರಿಸಲಾಗಿ, ಆ ಮನೆಯ ರೌಟರ್ ಪೆಟ್ಟಿಗೆಯು ಹಜಾರದಲ್ಲಿ ಕಬ್ಬಿಣದ ಬೀರುವಿನ ಹಿಂದೆ ಇತ್ತು. ಹುಡುಗಿಯ ಮೇಜು ಎರಡು ದಪ್ಪ ಗೋಡೆಗಳ ಆಚೆ, ಅಡಿಗೆಮನೆಯ ಪಕ್ಕದ ಕೋಣೆಯಲ್ಲಿತ್ತು. ನಾನು ಅಂದು ಮಾಡಿದ ತಪ್ಪಿಗೆ ಈ ಪಾಠವು ದಂಡವೆಂದು ತಿಳಿಯಿರಿ.

ನಿಸ್ತಂತುವು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿಯೇ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದೇ. ಭದ್ರಾವತಿಯ ಆಕಾಶವಾಣಿ ಕೇಂದ್ರವು 1965ರಲ್ಲಿ ಪ್ರಾರಂಭವಾಯಿತು. 675 ಕಿಲೋಹರ್ಟ್ಸಿನಲ್ಲಿ ಅದನ್ನು ಕೇಳಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. “ಆ ದನಿ ಮಲೆನಾಡಿನ ಗುಡ್ಡಗಳನ್ನು ದಾಟಿ ಬರುತ್ತಿತ್ತಲ್ಲಾ, ಈ ವೈಫೈಗೆ ಎರಡು ಗೋಡೆ ದಾಟಲು ಏನು ಕಷ್ಟ?” ಎಂದು ನೀವು ಕೇಳಬಹುದು. ಲೆಕ್ಕ ಮಾಡಿ ನೋಡಿರಿ. ಆ ರೇಡಿಯೋ ಅಲೆಯ ಉದ್ದವು ಸುಮಾರು 444 ಮೀಟರು. ವೈಫೈಯ 2.4 ಗಿಗಾಹರ್ಟ್ಸ್ ಅಲೆಯ ಉದ್ದವು ಹನ್ನೆರಡೂವರೆ ಸೆಂಟಿಮೀಟರು. 5 ಗಿಗಾಹರ್ಟ್ಸಿನದು ಆರೇ ಸೆಂಟಿಮೀಟರು. ನೀಳವಾದ ಅಲೆಯು ನೆಲದ ಏರುತಗ್ಗುಗಳನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಗಿಡ್ಡ ಅಲೆಯನ್ನು ಕಲ್ಲುಗೋಡೆಯು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ, ಕಬ್ಬಿಣದ ಬೀರುವು ಹಿಂದಕ್ಕೆ ತಳ್ಳುತ್ತದೆ. ಬಾನುಲಿ ನಿಲಯದ ಶಕ್ತಿಯು ಕಿಲೋವಾಟುಗಳಲ್ಲಿ. ಮನೆಯ ರೌಟರಿನದು ಒಂದು ವಾಟಿನ ಅಲ್ಪಾಂಶ. ಇದಲ್ಲದೆ ರೇಡಿಯೋ ಪೆಟ್ಟಿಗೆಯು ಕೇಳಿದರೆ ಸಾಕು. ಗಣಕಯಂತ್ರವು ಕೇಳಿದ್ದಕ್ಕೆ ಪ್ರತ್ಯುತ್ತರವನ್ನೂ ಕೊಡಬೇಕು, ಮತ್ತು ಅದರ ದನಿಯು ಸಾಮಾನ್ಯವಾಗಿ ರೌಟರಿನ ದನಿಗಿಂತ ಕ್ಷೀಣ. ಆದುದರಿಂದಲೇ ಆ ಹುಡುಗಿಗೆ ನನ್ನ ಪ್ರಶ್ನೆ ಕೇಳಿಸುತ್ತಿತ್ತು, ನನಗೆ ಅವಳ ಉತ್ತರ ಕೇಳಿಸುತ್ತಿರಲಿಲ್ಲ.

ಇನ್ನೊಂದು ತೊಡಕೂ ಉಂಟು. ಗಾಳಿಯು ಎಲ್ಲರಿಗೂ ಸೇರಿದ್ದು. ಒಂದೇ ತರಗತಿಯಲ್ಲಿ ನಾಲ್ವರು ಒಟ್ಟಿಗೆ ಮಾತನಾಡಿದರೆ ಯಾರದೂ ತಿಳಿಯದಷ್ಟೆ? ಅದರಂತೆ ಒಂದೇ ಚಾನೆಲ್ಲಿನಲ್ಲಿರುವ ಯಂತ್ರಗಳು ಒಂದರ ಮಾತು ಮುಗಿಯುವವರೆಗೆ ಇನ್ನೊಂದು ಕಾದು, ಸರದಿಯಿಂದ ನುಡಿಯಬೇಕು. ಇಬ್ಬರ ಮಾತು ತಾಕಲಾಡಿದರೆ ಪುನಃ ಹೇಳಬೇಕು. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ ಎಂದು ಎಣಿಸುವ ವಾಡಿಕೆ. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ನೆರೆಯವರ ರೌಟರುಗಳೂ ಅದೇ ಗಾಳಿಯಲ್ಲಿ ನುಡಿಯುತ್ತಿರುತ್ತವೆ. ಅಣ್ಣನ ಸಿನೆಮಾ ಯಾವುದು, ತಂಗಿಯ ಪರೀಕ್ಷೆ ಯಾವುದು ಎಂಬ ವಿವೇಚನೆಯು ಸಾಮಾನ್ಯ ರೌಟರಿಗೆ ಇಲ್ಲ. ಇದರ ಜೊತೆಗೆ ನಮ್ಮ ಮನೆಗಳ ರೂಢಿಯನ್ನೂ ಹೇಳಿಬಿಡುತ್ತೇನೆ: ಪೆಟ್ಟಿಗೆಯನ್ನು ಟೆಲಿವಿಷನ್ನಿನ ಪಕ್ಕದಲ್ಲಿಡುತ್ತಾರೆ; ಹೆಣ್ಣುಮಗಳ ಮೇಜು ಉಳಿದ ಜಾಗದಲ್ಲಿ ಬೀಳುತ್ತದೆ.

ಇನ್ನು ತಂತಿಯ ವಿಚಾರ. ಈಥರ್‌ನೆಟ್ ಕೇಬಲ್ಲನ್ನು ಸೀಳಿ ನೋಡಿದರೆ ಎಂಟು ತಾಮ್ರದ ತಂತಿಗಳು, ಎರಡೆರಡಾಗಿ ಹೊಸೆದ ನಾಲ್ಕು ಜೊತೆಗಳಾಗಿ ಕಾಣುತ್ತವೆ. ಹೊಸೆಯುವುದು ಏತಕ್ಕೆ? ಹೊರಗಿನ ವಿದ್ಯುತ್ತಿನ ಗದ್ದಲವು ಜೊತೆಯ ಎರಡು ತಂತಿಗಳ ಮೇಲೂ ಸಮನಾಗಿ ಬಿದ್ದು, ಕಡೆಯಲ್ಲಿ ಒಂದರಿಂದೊಂದನ್ನು ಕಳೆದಾಗ ತಾನೇ ಅಳಿದುಹೋಗುತ್ತದೆ. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರು 1881ರಲ್ಲಿಯೇ ಈ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದರು. ‘ಕ್ಯಾಟ್ 5ಇ’ ಎಂದು ಮುದ್ರೆಯಿರುವ ಕೇಬಲ್ಲು 100 ಮೀಟರಿನವರೆಗೆ ಸೆಕೆಂಡಿಗೆ 1000 ಮೆಗಾಬಿಟ್ಟುಗಳನ್ನು ಒಯ್ಯಬಲ್ಲದು. ಅಷ್ಟು ಉದ್ದದ ಮನೆಯು ನಮ್ಮಲ್ಲಿ ಯಾರದು? ಅದರೊಳಗೆ ಹೇಳುವುದೂ ಕೇಳುವುದೂ ಏಕಕಾಲದಲ್ಲಿ ನಡೆಯುತ್ತವೆ, ಸರದಿ ಕಾಯಬೇಕಾಗಿಲ್ಲ.

ಒಂದು ವಿನೋದವನ್ನು ಇಲ್ಲಿಯೇ ಹೇಳುವೆನು. ಹವಾಯಿ ವಿಶ್ವವಿದ್ಯಾಲಯದವರು 1971ರಲ್ಲಿ ದ್ವೀಪಗಳ ನಡುವೆ ಗಣಕಯಂತ್ರಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಆ ನಿಸ್ತಂತು ಪದ್ಧತಿಯಿಂದ ಸ್ಫೂರ್ತಿ ಹೊಂದಿದ ರಾಬರ್ಟ್ ಮೆಟ್ಕಾಫರು 1973ರಲ್ಲಿ ತಂತಿಯ ಪದ್ಧತಿಯನ್ನು ಕಲ್ಪಿಸಿ, ಬೆಳಕನ್ನು ಒಯ್ಯುವುದೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದ ‘ಈಥರ್’ ಎಂಬ ವಸ್ತುವಿನ ಹೆಸರನ್ನು ಅದಕ್ಕಿಟ್ಟರು. ಹೀಗೆ ತಂತಿಗೆ ಆಕಾಶದ ಹೆಸರು ಬಂದಿತು!

ಹಾಗಾದರೆ ಯಾವುದನ್ನು ಆರಿಸಬೇಕು? ಮೇಜಿನಿಂದ ಕದಲದ ಗಣಕಯಂತ್ರಕ್ಕೆ, ವಿಶೇಷವಾಗಿ ಪಾಠಕ್ಕೂ ಪರೀಕ್ಷೆಗೂ ಬಳಸುವುದಕ್ಕೆ, ತಂತಿಯೇ ಮೇಲೆಂಬುದು ನನ್ನ ಮತ. ಕೈಯಲ್ಲಿ ತಿರುಗಾಡುವ ಫೋನಿಗೆ ನಿಸ್ತಂತು ತಕ್ಕದ್ದು. ಒಂದೇ ರೌಟರು ಎರಡನ್ನೂ ನಡೆಸುತ್ತದೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂದಿಲ್ಲ. ಆದರೆ ತಂತಿ ಎಳೆದ ಮಾತ್ರಕ್ಕೆ ನೀವು ಹಣ ಕೊಟ್ಟು ಪಡೆದ ವೇಗಕ್ಕಿಂತ ಹೆಚ್ಚು ಬಾರದು. ಆದಕಾರಣ ಮೊದಲು ಪರೀಕ್ಷಿಸಿರಿ. ಯಂತ್ರವನ್ನು ರೌಟರಿನ ಬಳಿಗೆ ಒಯ್ದು ಗಿಡ್ಡ ಕೇಬಲ್ಲಿನಿಂದ ಜೋಡಿಸಿ ವೇಗವನ್ನು ಅಳೆಯಿರಿ. ಅನಂತರ ಅದೇ ಹೊತ್ತಿನಲ್ಲಿ ಕೋಣೆಯಲ್ಲಿ ವೈಫೈಯಿಂದ ಅಳೆಯಿರಿ. ಕೇಬಲ್ಲಿನಲ್ಲಿಯೂ ನಿಧಾನವಾದರೆ ದೋಷವು ಬಹುಶಃ ಹೊರಗಿನ ಮಾರ್ಗದ್ದು, ಕಂಪೆನಿಗೆ ದೂರು ಕೊಡಿರಿ. ಅಲ್ಲಿ ಸರಿಯಿದ್ದು ಕೋಣೆಯಲ್ಲಿ ಕೆಟ್ಟರೆ ದೋಷವು ಮನೆಯೊಳಗಿನದು.

ಭದ್ರಾವತಿಯ ಆ ಮನೆಯಲ್ಲಿ ಹಾಗೆಯೇ ಮಾಡಿದರು. ಮೊದಲು ರೌಟರನ್ನು ಬೀರುವಿನ ಹಿಂದಿನಿಂದ ತೆಗೆದು ಎತ್ತರದ ಹಲಗೆಯ ಮೇಲಿಟ್ಟರು. ಕಾಸು ಖರ್ಚಿಲ್ಲದೆ ಅರ್ಧ ಗುಣವಾಯಿತು. ಸಂಜೆಯ ವೇಳೆ ಮಾತ್ರ ಹಳೆಯ ಪಾಡೇ. ಅನಂತರ ಇಪ್ಪತ್ತು ಮೀಟರಿನ ಕೇಬಲ್ಲನ್ನು ಬಾಗಿಲ ಚೌಕಟ್ಟಿನ ಮೇಲಿಂದ ಎಳೆದು ಮಗಳ ಮೇಜಿಗೆ ತಂದರು. ಮರುದಿನ ಅವಳ ದನಿ ಸ್ಪಷ್ಟವಾಗಿ ಬಂದಿತು. ಗದರಿಸಿದ ತರಗತಿಯೆದುರಿಗೇ ನಾನು ಅವಳ ಕ್ಷಮೆ ಬೇಡಿದೆನು.

ತಂತಿಗೂ ಉಪದ್ರವಗಳುಂಟು. ಇಲಿ ಕಡಿಯುತ್ತದೆ, ಬಾಗಿಲು ಜಜ್ಜುತ್ತದೆ. ಅಗ್ಗವೆಂದು ಅಲ್ಯುಮಿನಿಯಮ್ಮಿಗೆ ತಾಮ್ರ ಲೇಪಿಸಿದ್ದನ್ನು ಕೊಳ್ಳಬೇಡಿರಿ. ದೀಪದ ತಂತಿಯಿರುವ ಪೈಪಿನೊಳಗೆ ಇದನ್ನು ತೂರಿಸಬೇಡಿರಿ. ವೈಫೈಯಾದರೋ ಗೋಡೆ ದಾಟಿ ಬೀದಿಗೂ ಬೀಳುವುದರಿಂದ, ಪೆಟ್ಟಿಗೆಯೊಡನೆ ಬಂದ ಗುಪ್ತಪದವನ್ನು ಆ ದಿನವೇ ಬದಲಿಸಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂಬ ರಕ್ಷಣೆಯನ್ನು ಇಟ್ಟುಕೊಳ್ಳಿರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಶಿವಮೊಗ್ಗೆಯ ಸೀಮೆಯಲ್ಲಿ ಗುಡುಗು ಮಿಂಚು ಬಲವಾಗಿರುತ್ತವೆ. ಮನೆಗೆ ಬರುವ ಗಾಜಿನ ಎಳೆಯು ವಿದ್ಯುತ್ತನ್ನು ಒಯ್ಯದಾದರೂ, ದೀಪದ ತಂತಿಯ ಮೂಲಕ ಆಘಾತವು ರೌಟರಿಗೆ ತಾಕಿ, ಅಲ್ಲಿಂದ ಕೇಬಲ್ಲಿನ ಗುಂಟ ಗಣಕಯಂತ್ರವನ್ನೂ ಮುಟ್ಟಬಹುದು. ಮೋಡ ಕವಿಯುವಾಗಲೇ ರೌಟರಿನ ಪ್ಲಗ್ಗನ್ನೂ ಯಂತ್ರದ ಪ್ಲಗ್ಗನ್ನೂ ಕೇಬಲ್ಲನ್ನೂ ಕಳಚಿಡಿರಿ. ಗುಡುಗು ಆರಂಭವಾದ ಮೇಲೆ ಅವನ್ನು ಮುಟ್ಟಲು ಹೋಗಬೇಡಿರಿ.