ಪಕ್ಕದೂರಿನ ಮೇಷ್ಟ್ರು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಅಂದರೆ ನಮ್ಮ ಕಡೆ ಬಹಳ ಜನರಿಗೆ ಆಗಸ್ಟ್ ಹದಿನೈದರಂದು ಬಾವುಟದ ಪಕ್ಕ ನಿಲ್ಲುವವರು, ಅಷ್ಟೆ. ಎಲ್ಲರ ಬಾಯಲ್ಲೂ ಅದು ಎಸ್‌ಡಿಎಂಸಿ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ ನಾನು ಸೇರಿದಾಗ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಳು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾನೂನು ಹೇಳುವುದರಿಂದ ನನ್ನ ಹೆಸರೂ ಬಂತು. ಆ ಸ್ಥಾನಕ್ಕೆ ನಿಜವಾದ ಕೆಲಸವಿದೆ ಎಂದು ತಿಳಿದದ್ದು ಏಳು ತರಗತಿಗೆ ಒಬ್ಬರೇ ಮೇಡಂ ಉಳಿದಾಗ.

ಆ ವರ್ಷ ವರ್ಗಾವಣೆಯಲ್ಲಿ ಇಬ್ಬರು ಹೋದರು, ಮುಖ್ಯ ಶಿಕ್ಷಕರು ನಿವೃತ್ತರಾದರು, ಆ ಜಾಗಗಳಿಗೆ ಯಾರೂ ಬರಲಿಲ್ಲ. ಉಳಿದ ಮೇಡಂ ನಲಿಕಲಿ ಮಕ್ಕಳಿಗೆ ಕಾರ್ಡು ಕೊಟ್ಟು ಕೂರಿಸಿ, ಏಳನೆಯವರಿಗೆ ಬೋರ್ಡಿನ ಮೇಲೆ ಲೆಕ್ಕ ಹಾಕಿ, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ಬರೆದು, ಮೇಲಿನವರು ಕೇಳಿದ ಮಾಹಿತಿ ಕಳಿಸುವಷ್ಟರಲ್ಲಿ ಮಧ್ಯಾಹ್ನ ದಾಟುತ್ತಿತ್ತು. ಅವರು ಒಂದು ದಿನವೂ ಕೂತದ್ದನ್ನು ನಾನು ನೋಡಿಲ್ಲ. ಮಗಳು ಸಂಜೆ ಮನೆಗೆ ಬಂದು, "ಅಮ್ಮಾ, ಇವತ್ತು ಒಂದನೇ ಕ್ಲಾಸಿಗೆ ನಾನೇ ಪಾಠ ಮಾಡಿದೆ" ಎಂದು ಸಂಭ್ರಮದಿಂದ ಹೇಳಿದಳು. ಅವಳ ಪಾಠ ಯಾರು ಮಾಡಿದರು ಅಂತ ಕೇಳಿದರೆ ಸುಮ್ಮನಾದಳು.

ಸಮಿತಿಯವರು ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ಬಾಯಿಮಾತಲ್ಲಿ ಕೇಳಿದ್ದಕ್ಕೆ ಬಾಯಿಮಾತಲ್ಲೇ ಉತ್ತರ ಸಿಕ್ಕಿತು, "ನೋಡೋಣ" ಎಂದು. ಮತ್ತೆ ಮತ್ತೆ ಹೋದೆವು. ಪಂಚಾಯಿತಿ ಸದಸ್ಯರನ್ನು ಕರೆದುಕೊಂಡು ಹೋದೆವು, ಹೆಂಗಸರೆಲ್ಲ ಸೇರಿ ಹೋದೆವು. ಕೊನೆಗೆ ಒಬ್ಬ ಮೇಷ್ಟ್ರು ಬಂದರು. ನಿಯೋಜನೆಯ ಮೇಲೆ ಬಂದಿದ್ದಾರೆ ಎಂದರು. ಆ ಪದದ ಗೊಡವೆ ಯಾರಿಗಿತ್ತು? ಮಕ್ಕಳು ಹೂವು ಕೊಟ್ಟರು, ನಾವು ಪಾಯಸ ಮಾಡಿಸಿದೆವು.

ಅದಾದ ಕೆಲವೇ ದಿನಕ್ಕೆ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಪಕ್ಕದೂರಿನ ಕಾಲೊನಿಯ ಒಬ್ಬ ಹೆಂಗಸು ನನ್ನ ಹಿಂದೆ ನಿಂತಿದ್ದರು. ಅವರದು ಐದನೇ ತರಗತಿವರೆಗಿನ ಕಿರಿಯ ಪ್ರಾಥಮಿಕ ಶಾಲೆ. "ಅಕ್ಕಾ, ಆ ಮೇಷ್ಟ್ರು ನಮ್ಮ ಸ್ಕೂಲಿನೋರು. ಈಗ ನಮಗೊಬ್ಬರೇ ಇರೋದು. ಅವರು ಮೀಟಿಂಗಿಗೆ ಹೋದ ದಿನ ಬೀಗ" ಅಂದರು. ಸಿಟ್ಟಿನ ಮಾತಾಗಿರಲಿಲ್ಲ. ನಮ್ಮೂರಿನವರು ದೊಡ್ಡವರು, ನಮ್ಮ ಮಾತು ಕಚೇರಿಯಲ್ಲಿ ನಡೆಯುತ್ತದೆ, ತಮ್ಮದು ನಡೆಯುವುದಿಲ್ಲ ಎಂದು ಅವರು ಮೊದಲೇ ಒಪ್ಪಿಕೊಂಡುಬಿಟ್ಟಿದ್ದರು. ಆ ಒಪ್ಪಿಗೆಯೇ ನನ್ನನ್ನು ಬಹಳ ದಿನ ಕಾಡಿತು.

ಕಚೇರಿಯವರು ಹೊಸ ಮೇಷ್ಟ್ರನ್ನು ಕೊಟ್ಟಿರಲಿಲ್ಲ. ಗಲಾಟೆ ಮಾಡುವ ಊರಿಗೆ ಗಲಾಟೆ ಮಾಡಲಾರದ ಊರಿನ ಮೇಷ್ಟ್ರನ್ನು ಕಳಿಸಿದ್ದರು. ಒಂದೊಂದು ಊರೂ ತನ್ನ ಶಾಲೆಗೆ ಮಾತ್ರ ಕೇಳುತ್ತಿರುವ ತನಕ ಹೀಗೇ ನಡೆಯುತ್ತದೆ. ಜನ ಹೆಚ್ಚಿರುವ, ರಸ್ತೆ ಪಕ್ಕದ, ಮುಖಂಡರಿರುವ ಊರಿನ ಶಾಲೆ ಉಳಿಯುತ್ತದೆ. ಕಾಲೊನಿ ಶಾಲೆ, ತಾಂಡಾ ಶಾಲೆ, ಗುಡ್ಡದ ಪಕ್ಕದ ಶಾಲೆ ಬರಿದಾಗುತ್ತದೆ. ಆಮೇಲೆ "ಅಲ್ಲಿ ಮಕ್ಕಳೇ ಇಲ್ಲ" ಎಂಬ ಕಾರಣ ಕೊಟ್ಟು ಅದನ್ನು ಮುಚ್ಚುವ ಮಾತು ಬರುತ್ತದೆ.

ನಮ್ಮೂರಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಶಿಕ್ಷಣ ಹಕ್ಕು ಕಾಯ್ದೆಯ ಕನ್ನಡ ಪ್ರತಿ ತಂದುಕೊಟ್ಟರು. ಅದು 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮದು ರೇಷ್ಮೆ ಸಾಕುವ ಮನೆ. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ದಿನ ಸೊಪ್ಪು ಹಾಕುವ ಕೆಲಸವಿರುವುದಿಲ್ಲ. ಅಂಥ ದಿನಗಳಲ್ಲಿ ಹುಳುಮನೆಯ ಹೊರಗೆ ಕೂತು ಓದಿದೆ. 25ನೇ ಕಲಮು ನೇರವಾಗಿದೆ: ಶಿಕ್ಷಕರ ಪ್ರಮಾಣ ಕಾಪಾಡಲು, ಒಂದು ಶಾಲೆಗೆ ನೇಮಕವಾದವರನ್ನು ಬೇರೆ ಶಾಲೆಯಲ್ಲೋ ಕಚೇರಿಯಲ್ಲೋ ಕೆಲಸ ಮಾಡಿಸುವಂತಿಲ್ಲ. 26ನೇ ಕಲಮಿನ ಪ್ರಕಾರ ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದು. 27ನೆಯದು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಪಾಠಕ್ಕೆ ಸಂಬಂಧಿಸದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಕೊನೆಯ ಅನುಸೂಚಿಯಲ್ಲಿ ಇನ್ನೂ ಸ್ಪಷ್ಟವಾಗಿದೆ. ಐದನೇ ತರಗತಿವರೆಗೆ 60ರ ತನಕ ಎಷ್ಟೇ ಮಕ್ಕಳಿದ್ದರೂ ಇಬ್ಬರು ಶಿಕ್ಷಕರು ಬೇಕು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಅಂದರೆ ಆ ಕಾಲೊನಿಯಲ್ಲಿ ಮಕ್ಕಳು ಎಷ್ಟೇ ಕಡಿಮೆ ಇದ್ದರೂ ಎರಡನೆಯ ಶಿಕ್ಷಕರು ಅವರ ಹಕ್ಕು. ನಾವು ಕಚೇರಿಯಲ್ಲಿ ಬೇಡಿ ನಿಂತದ್ದೆಲ್ಲ ಕಾನೂನು ಆಗಲೇ ಬರೆದುಕೊಟ್ಟಿದ್ದದ್ದು.

ಎರಡೂ ಊರಿನವರು ಸೇರಿ ಒಂದೇ ಅರ್ಜಿ ಬರೆದೆವು. ನಮ್ಮೂರಲ್ಲಿ ಇದಕ್ಕೆ ಸುಲಭವಾಗಿ ಒಪ್ಪಿಗೆ ಸಿಗಲಿಲ್ಲ. ಬಂದ ಮೇಷ್ಟ್ರನ್ನು ಯಾಕೆ ಬಿಡಬೇಕು ಎಂದು ಹಿರಿಯರು ಕೇಳಿದರು, ಕೆಲವರು ಕಾಲೊನಿಯವರ ಜೊತೆ ಕಚೇರಿಗೆ ಹೋಗುವುದಕ್ಕೇ ಮುಖ ಸಿಂಡರಿಸಿದರು. ಅದನ್ನು ಮುಚ್ಚಿಟ್ಟು ಬರೆಯಲಾರೆ. ನಮ್ಮ ಸೀಮೆಯಲ್ಲಿ ಸಮಾನ ಶಿಕ್ಷಣದ ಮಾತು ಎತ್ತಿದರೆ ಜಾತಿಯ ಮಾತು ಎದುರಾಗಿಯೇ ಆಗುತ್ತದೆ. ಒಪ್ಪಿದವರಲ್ಲಿ ಹೆಚ್ಚಿನವರು ಹೆಂಗಸರು, ಅದರಲ್ಲೂ ಕಾಲೊನಿಯವರ ಜೊತೆಯಲ್ಲೇ ಕೂಲಿಗೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು. ಅರ್ಜಿಯಲ್ಲಿ ಕಲಮು, ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆ, ಖಾಲಿ ಹುದ್ದೆ ಇಷ್ಟೇ ಬರೆದು, 32ನೇ ಕಲಮಿನಡಿ ದೂರು ಎಂದು ನಮೂದಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಆ ಕಲಮಿನಡಿ ಕೊಟ್ಟ ದೂರನ್ನು ಮೂರು ತಿಂಗಳೊಳಗೆ ಇತ್ಯರ್ಥ ಮಾಡಬೇಕು, ತೀರ್ಮಾನ ಸರಿ ಕಾಣದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಮುದ್ರೆ ಬಿದ್ದ ಕಾಗದದ ಜೆರಾಕ್ಸ್ ಕೈಯಲ್ಲಿದ್ದರೆ ಕಚೇರಿಯಲ್ಲಿ ಕೂರಲು ಕುರ್ಚಿ ಸಿಗುತ್ತದೆ ಎಂಬುದನ್ನು ಕಣ್ಣಾರೆ ಕಂಡೆ. ನಿಯೋಜನೆ ರದ್ದಾಯಿತು. ಮೇಷ್ಟ್ರು ತಮ್ಮ ಶಾಲೆಗೆ ಮರಳಿದರು. ನಮಗೆ ಅತಿಥಿ ಶಿಕ್ಷಕರು ಬಂದರು, ಮುಂದಿನ ವರ್ಷ ಒಬ್ಬ ಕಾಯಂ ಶಿಕ್ಷಕಿಯೂ ಬಂದರು.

ಆಮೇಲೆ ಬೇರೆ ತಾಲ್ಲೂಕುಗಳ ಸಮಿತಿಯವರ ಪರಿಚಯವಾಯಿತು. ಸಮಸ್ಯೆಯ ಹೆಸರು ಒಂದೇ ಆದರೂ ಮುಖ ಬೇರೆ ಬೇರೆ. ನಮ್ಮ ಶಿಡ್ಲಘಟ್ಟದಲ್ಲಿ ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಬೇಕು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಮನೆಯ ಎಲ್ಲ ಕೈಗಳೂ ಬೇಕು. ಆ ವಾರ ಹಾಜರಿ ಪುಸ್ತಕ ನೋಡಿದರೆ ಯಾರ ಮನೆಯಲ್ಲಿ ಬೆಳೆ ಇದೆ ಎಂದು ಹೇಳಿಬಿಡಬಹುದು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ, ಗುಲಾಬಿ ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮೇಲೆ ಮಕ್ಕಳು ಬ್ಯಾಗು ಹಿಡಿಯುತ್ತಾರೆ. ಚಿಂತಾಮಣಿ ಕಡೆ ಟೊಮೆಟೊ ಕೀಳುವ ಕಾಲ. ಗೌರಿಬಿದನೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಬೆಳಗ್ಗೆ ಬೇಗ ಬಸ್ಸು ಹತ್ತುತ್ತಾರೆ, ತಮ್ಮಂದಿರನ್ನು ಹೊರಡಿಸುವ ಕೆಲಸ ಅಕ್ಕನಾದ ಹುಡುಗಿಗೆ ಬೀಳುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಪಟ್ಟಣಗಳಲ್ಲಿ ಉರ್ದು ಶಾಲೆಗಳಿವೆ. ಅಲ್ಲಿ ಖಾಲಿಯಾದ ಹುದ್ದೆಗೆ ಉರ್ದು ಬಲ್ಲವರೇ ಬೇಕಾದ್ದರಿಂದ ಕಾಯುವುದು ಇನ್ನೂ ಉದ್ದ. ಆಂಧ್ರದ ಅಂಚಿನ ಹಳ್ಳಿಗಳಲ್ಲಿ ಮಗು ಮನೆಯಲ್ಲಿ ತೆಲುಗು ಆಡಿ ಬೆಳೆದು ಒಂದನೇ ತರಗತಿಯಲ್ಲಿ ಕನ್ನಡ ಅಕ್ಷರ ನೋಡುತ್ತದೆ. ಎರಡೂ ನುಡಿ ಬಲ್ಲ ಮೇಡಂ ಇದ್ದರೆ ಅದು ತೊಡಕೇ ಅಲ್ಲ, ನಾವೆಲ್ಲ ಕಲಿತದ್ದೂ ಹಾಗೆಯೇ. ಅಂಥವರು ವರ್ಗವಾಗಿ ಹೋದರೆ ಮಗುವಿನ ಬಾಯೇ ಕಟ್ಟುತ್ತದೆ.

ಈ ಮಧ್ಯೆ ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಬರುತ್ತವೆ. ಮಕ್ಕಳನ್ನು ಅದಕ್ಕೆ ಹತ್ತಿಸುವ ತಂದೆತಾಯಿಯನ್ನು ನಾನು ಬೈಯಲಾರೆ. ಇಂಗ್ಲಿಷ್ ಬೇಕು ಎನ್ನುವುದು ದುರಾಸೆಯಲ್ಲ. ಆದರೆ ಶುಲ್ಕ ಕಟ್ಟಲು ಗೂಡಿನ ದುಡ್ಡಿನ ಮೇಲೆ ಮುಂಚಿತವಾಗಿ ಸಾಲ ತಂದವರನ್ನು ಬಲ್ಲೆ. ಗೂಡಿನ ದರ ಬಿದ್ದ ವರ್ಷ ಮಗನನ್ನು ಅಲ್ಲೇ ಉಳಿಸಿ ಮಗಳನ್ನು ವಾಪಸು ಸರ್ಕಾರಿ ಶಾಲೆಗೆ ತಂದು ಸೇರಿಸಿದವರನ್ನೂ ಬಲ್ಲೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ. 25 ಸೀಟು ಬಡವರಿಗೆ ಎಂಬ ನಿಯಮ ಇತ್ತಲ್ಲ, ಅದನ್ನು ಕರ್ನಾಟಕ ಸರ್ಕಾರ 2018ರ ಕೊನೆಯಲ್ಲಿ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದು ಎಂದಾಯಿತು. 2019ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆ ಸೀಟಿನ ಆಸೆಯಲ್ಲಿದ್ದವರಿಗೆ ನೋವಾಯಿತು. ನನ್ನ ಅಭಿಪ್ರಾಯ ಇಷ್ಟು: ಸರ್ಕಾರ "ನಿಮ್ಮ ಪಕ್ಕದಲ್ಲೇ ನಮ್ಮ ಶಾಲೆ ಇದೆ" ಎಂದು ಹೇಳಿ ಒಂದು ಬಾಗಿಲು ಹಾಕಿದ ಮೇಲೆ, ಆ ಪಕ್ಕದ ಶಾಲೆಯಲ್ಲಿ ಶಿಕ್ಷಕರು, ಇಂಗ್ಲಿಷ್ ಪಾಠ, ಬೀಗ ಬೀಳದ ಶೌಚಾಲಯ ಇರಲೇಬೇಕು ಎಂಬ ಸಾಲವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಂತಾಯಿತು. ಆ ಸಾಲ ಇನ್ನೂ ತೀರಿಲ್ಲ.

ಗೌರಿಬಿದನೂರಿನ ಸಭೆಗಳಲ್ಲಿ ಎಚ್. ನರಸಿಂಹಯ್ಯನವರ ಹೆಸರು ಬರದೇ ಇರುವುದಿಲ್ಲ. ಆ ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಮುಂದೆ ಓದಲು ಊರಲ್ಲಿ ಅನುಕೂಲವಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲ್ ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಭಾಷಣಗಳಲ್ಲಿ ಆ ನಡಿಗೆಯನ್ನು ಛಲಕ್ಕೆ ಉದಾಹರಣೆಯಾಗಿ ಹೇಳುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನನಗೆ ಅವರು ಆಮೇಲೆ ಮಾಡಿದ್ದು ದೊಡ್ಡದಾಗಿ ಕಾಣುತ್ತದೆ. ಮುಂದಿನವರು ಹಾಗೆ ನಡೆಯಬೇಕಾಗದಂತೆ ಅವರ ಸಂಸ್ಥೆಯ ಕಾಲೇಜುಗಳು ಗೌರಿಬಿದನೂರಿಗೆ, ಬಾಗೇಪಲ್ಲಿಗೆ ಬಂದವು. ನಡೆದು ಹೋಗಿ ಗೆದ್ದ ಒಬ್ಬರ ಹೆಸರು ನಮಗೆ ಗೊತ್ತು. ನಡೆಯಲಾಗದೆ ಊರಲ್ಲೇ ಉಳಿದವರು, ಅದರಲ್ಲೂ ಮನೆಯವರು ನಡೆಯಲು ಬಿಡದ ಹುಡುಗಿಯರು ಎಷ್ಟು ಮಂದಿ? ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1913ರಲ್ಲಿ, ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿತ್ತು. ನೂರು ವರ್ಷ ದಾಟಿದರೂ ನಾವು ಎರಡನೆಯ ಶಿಕ್ಷಕರಿಗಾಗಿ ಅರ್ಜಿ ಹಿಡಿದಿದ್ದೇವೆ.

ಈಗ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳ ಮಾತು ನಡೆದಿದೆ. ಒಳ್ಳೆಯ ಕಟ್ಟಡ, ಪ್ರಯೋಗಾಲಯ, ವಿಷಯಕ್ಕೊಬ್ಬರು ಶಿಕ್ಷಕರು ಎಲ್ಲ ಬೇಕು, ಸಂತೋಷ. ಆದರೆ ಅದಕ್ಕಾಗಿ ಚಿಕ್ಕ ಶಾಲೆಗಳನ್ನು ಸೇರಿಸಿಬಿಡುವುದಾದರೆ ನಾನು ಒಪ್ಪುವುದಿಲ್ಲ. ಆರು ವರ್ಷದ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಎಂಬುದು ನಮ್ಮ ರಾಜ್ಯದ ನಿಯಮ. ಬಸ್ಸು ಬಿಡುತ್ತೇವೆ ಎನ್ನುತ್ತಾರೆ. ಬಸ್ಸು ಬಾರದ ದಿನ ಮನೆಯಲ್ಲಿ ಉಳಿಯುವವರು ಯಾರೆಂದು ನಮಗೆ ಗೊತ್ತು.

ಈ ಸಲ ನಾವು ನಾಲ್ಕು ತಾಲ್ಲೂಕಿನ ಸಮಿತಿಯವರು ಒಂದೇ ಮನವಿ ತಯಾರಿಸಿದ್ದೇವೆ. ಶಾಲೆವಾರು ಖಾಲಿ ಹುದ್ದೆಗಳ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಬೇಕು. ಅತಿಥಿ ಶಿಕ್ಷಕರ ಆದೇಶ ಮೇ ಕೊನೆಯಲ್ಲಿ ಶಾಲೆ ತೆರೆಯುವ ಮೊದಲೇ ಆಗಬೇಕು, ಮಳೆಗಾಲ ಅರ್ಧ ಕಳೆದ ಮೇಲಲ್ಲ. ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ನಿಯೋಜನೆ ನಿಲ್ಲಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರಬೇಕು. ಜೊತೆಗೆ ಕೊಡುವ ಪಟ್ಟಿಯಲ್ಲಿ ಶಾಲೆಗಳನ್ನು ಊರಿನ ದೊಡ್ಡಸ್ತಿಕೆಯ ಪ್ರಕಾರ ಜೋಡಿಸಿಲ್ಲ. ಒಬ್ಬರೇ ಶಿಕ್ಷಕರಿರುವವು ಮೊದಲು, ಹುದ್ದೆ ಹೆಚ್ಚು ಕಾಲದಿಂದ ಖಾಲಿ ಇರುವವು ಆಮೇಲೆ. ಆ ಕ್ರಮದಲ್ಲಿ ನಮ್ಮ ಶಾಲೆ ಎರಡನೇ ಪುಟಕ್ಕೆ ಹೋಗಿದೆ, ನಮ್ಮೂರಿನ ಹಿರಿಯರೂ ಅದಕ್ಕೆ ಸಹಿ ಹಾಕಿದ್ದಾರೆ.